ಕೆಸರಿಂದ ನೀರು ಹಿಂಡೋದು ಯಾಕಿಷ್ಟು ಕಷ್ಟ?

ಕುದುರೆಮುಖಕ್ಕೆ ಟ್ರೆಕ್ ಹೋದವರು ಲಖ್ಯಾ ಡ್ಯಾಮ್ ಹೆಸರು ಕೇಳಿರ್ತೀರಿ. ಅದು ಕರೆಂಟಿಗೋ ಗದ್ದೆಗೋ ಕಟ್ಟಿದ ಡ್ಯಾಮ್ ಅಲ್ಲ. ಅದಿರನ್ನು ಪುಡಿ ಮಾಡಿ ಕಬ್ಬಿಣ ತೆಗೆದ ಮೇಲೆ ಉಳಿಯುವ ನುಣ್ಣನೆ ಕೆಸರು, ಅಂದ್ರೆ ಟೇಲಿಂಗ್ಸ್, ತುಂಬೋಕೆ ಕಟ್ಟಿದ್ದು. ಗಣಿ 2005ರ ಕೊನೆಗೆ ನಿಂತಿತು. ಕೆಸರು ಅಲ್ಲೇ ಇದೆ.

ಬಿಟ್ಟರೆ ತಾನಾಗೇ ತಳಕ್ಕೆ ಕೂರಲ್ವಾ ಅಂತ ನಾನೂ ಅಂದ್ಕೊಂಡಿದ್ದೆ. ಸ್ಟೋಕ್ಸ್ ನಿಯಮ ನೆನಪಿಸ್ಕೊಳ್ಳಿ (ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು!). ಕಣ ಇಳಿಯುವ ವೇಗ ವ್ಯಾಸದ ವರ್ಗಕ್ಕೆ ಅನುಪಾತ. ಹಾಗಾಗಿ 100 ಮೈಕ್ರಾನ್ ಮರಳಿನ ಕಣ ಒಂದು ಮೀಟರ್ ಇಳಿಯೋಕೆ ಸುಮಾರು 2 ನಿಮಿಷ ಸಾಕು. 1 ಮೈಕ್ರಾನ್ ಕಣಕ್ಕೆ ಸುಮಾರು 13 ದಿನ ಬೇಕು. ಮೇಲಾಗಿ ಈ ಸಣ್ಣ ಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶ ಇರೋದ್ರಿಂದ ಒಂದನ್ನೊಂದು ದೂರ ತಳ್ಳುತ್ತವೆ.

ಅಜ್ಜಿ ಮನೇಲಿ ಕದಡಿದ ನೀರಿಗೆ ಪಟಿಕ ಹಾಕ್ತಿದ್ರಲ್ಲ, ಅದು ಈ ವಿದ್ಯುದಂಶವನ್ನು ತಗ್ಗಿಸುತ್ತೆ. ಗಣಿಗಳಲ್ಲಿ ಹೆಚ್ಚಾಗಿ ಪಾಲಿಅಕ್ರಿಲಮೈಡ್ ಹಾಕ್ತಾರೆ. ಅದರ ಉದ್ದನೆ ಅಣುಗಳು ಕಣಗಳನ್ನು ದಾರದಂತೆ ಕಟ್ಟಿ ಉಂಡೆ ಮಾಡುತ್ತವೆ. ಉಂಡೆ ಬೇಗ ಇಳಿಯುತ್ತೆ. ಇದೆಲ್ಲ ನಡೆಯೋ ದೊಡ್ಡ ತೊಟ್ಟಿಯೇ ಥಿಕ್ನರ್.

ಈಗ ಲೆಕ್ಕ. 100 ಟನ್ ಕೆಸರಲ್ಲಿ 30 ಟನ್ ಘನ, 70 ಟನ್ ನೀರು ಅಂತಿಟ್ಕೊಳ್ಳಿ. ಥಿಕ್ನರ್ ಅದನ್ನು 60% ಘನಕ್ಕೆ ತಂದರೆ ಒಟ್ಟು ತೂಕ 50 ಟನ್ ಆಗುತ್ತೆ, ಅಂದ್ರೆ 50 ಟನ್ ನೀರು ವಾಪಸ್ ಪ್ಲಾಂಟಿಗೆ. ಆಮೇಲೆ ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ 85%ಗೆ ತಂದರೂ ಸಿಗೋದು ಇನ್ನು 15 ಟನ್‌ಗೂ ಸ್ವಲ್ಪ ಕಡಿಮೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದ ಹಾಗೆ, ಕೊನೆ ಹನಿಗೇ ಜಾಸ್ತಿ ಶ್ರಮ, ಜಾಸ್ತಿ ದುಡ್ಡು.

ಹಾಗಾದ್ರೆ ಆ 15 ಟನ್ ಬಿಟ್ಟುಬಿಡೋಣ್ವಾ? 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಟೇಲಿಂಗ್ಸ್ ಡ್ಯಾಮ್ ಒಡೆದು 270 ಜನ ಸತ್ತರು. ಕೆಳಗೇ ಕಾರ್ಮಿಕರ ಕ್ಯಾಂಟೀನ್ ಇತ್ತು, ಊಟದ ಹೊತ್ತು. ಗಟ್ಟಿಯಾಗಿ ಕಾಣ್ತಿದ್ದ ರಾಶಿಯೊಳಗೆ ಕಣಗಳ ಮಧ್ಯೆ ನೀರು ತುಂಬಿತ್ತು. ಕಣಗಳ ಹಿಡಿತ ತಪ್ಪಿದ ಕೂಡಲೇ ಇಡೀ ರಾಶಿ ದ್ರವದಂತೆ ಹರಿಯಿತು. ಇದಕ್ಕೆ ಲಿಕ್ವಿಫ್ಯಾಕ್ಷನ್ ಅಂತಾರೆ. ಅಷ್ಟು ನೀರು ಹಿಂಡಿದ ಕೇಕ್ ಆಗಿದ್ದರೆ ಲಾರಿಯಲ್ಲಿ ಒಯ್ದು, ಹರಡಿ, ರೋಲರ್ ಹೊಡೆಯಬಹುದು.

ಚಿಲಿಯ ಅಟಕಾಮಾ ಮರುಭೂಮಿಯ ಲಾ ಕೊಯಿಪಾ ಗಣಿಯಲ್ಲಿ ಹೀಗೇ ಮಾಡಿದ್ದಾರೆ. ಅಲ್ಲಿ ಮಳೆಯೇ ಅಪರೂಪ. ನಮ್ಮ ಮಲೆನಾಡಲ್ಲಿ ಜೂನ್ ಬಂದ್ರೆ ಹಿಂಡಿದ ಕೇಕ್ ಮತ್ತೆ ನೆನೆಯುತ್ತೆ, ಹಾಗಾಗಿ ಚರಂಡಿ, ಹೊದಿಕೆ ಎಲ್ಲ ಬೇರೆಯೇ ಡಿಸೈನ್ ಮಾಡ್ಬೇಕು. ಸಿವಿಲ್‌ನವರೇ, ಅದು ನಿಮ್ಮ ಪಾಲಿನ ಕೆಲಸ.