ಸ್ವರದಲ್ಲಿ ಮೂಡುವ ಪಾತ್ರ

ಬೆಂಗಳೂರಿನ ಪಶ್ಚಿಮದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವಿದೆ. ದೆಹಲಿಯ ಮೂಲಶಾಲೆಗೆ ಒಮ್ಮೆ ನಿರ್ದೇಶಕರಾಗಿದ್ದ ಬಿ. ವಿ. ಕಾರಂತರು 1975ರ ಎರಡು ಕನ್ನಡ ಚಿತ್ರಗಳ ಸಂಗೀತದಲ್ಲಿ ದುಡಿದರು: 'ಹಂಸಗೀತೆ' ಮತ್ತು 'ಚೋಮನ ದುಡಿ'. ನಾದವು ಮನುಷ್ಯನನ್ನು ಚಿತ್ರಿಸುವ ಬಗೆಯನ್ನು ಅರಿಯಬೇಕಾದರೆ ಇವೆರಡನ್ನೂ ಒಟ್ಟಿಗೆ ಕೇಳಬೇಕು.

'ಹಂಸಗೀತೆ'ಯ ಸಂಗೀತದಲ್ಲಿ ಎಂ. ಬಾಲಮುರಳೀಕೃಷ್ಣರೂ ಪಾಲುದಾರರು. ಕಥಾನಾಯಕ ಭೈರವಿ ವೆಂಕಟಸುಬ್ಬಯ್ಯ. ರಾಗವೇ ಅವನ ಹೆಸರಿಗೆ ಅಂಟಿದೆ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳೋಣ. ಆಗ ಪಂಚಮಕ್ಕೆ 360. ಭೈರವಿಯ ಆರೋಹಣದಲ್ಲಿ ಬರುವ ಚತುಶ್ರುತಿ ಧೈವತಕ್ಕೆ ಸುಮಾರು 400, ಅವರೋಹಣದ ಶುದ್ಧ ಧೈವತಕ್ಕೆ ಸುಮಾರು 384. ಏರುವಾಗ ಪಂಚಮದಿಂದ ದೂರ ಸರಿದ ಸ್ವರ, ಇಳಿಯುವಾಗ ಅದಕ್ಕೇ ಒರಗುತ್ತದೆ. ಹಂಬಲವೂ ಬಳಲಿಕೆಯೂ ಒಂದೇ ರಾಗದಲ್ಲಿ ಅಡಗಿವೆ. (ಗಮಕವು ಈ ಅಂಕಿಗಳನ್ನು ಒಂದೆಡೆ ನಿಲ್ಲಗೊಡದು, ಅದು ಬೇರೆ ಮಾತು.)

ಇಷ್ಟು ಸೂಕ್ಷ್ಮವಾದ ಅಂತರವನ್ನು ಕಿವಿ ಅಳೆಯುವುದು ತಂಬೂರಿಯ ಆಸರೆಯಿಂದ. ಪ್ರತಿ ತಂತಿಯೂ ಮೂಲಸ್ವರದ ಎರಡರಷ್ಟು, ಮೂರರಷ್ಟು ಕಂಪನಗಳ ಉಪಸ್ವರಗಳನ್ನು ಹೊರಡಿಸುತ್ತದೆ. 240ರ ಮೂರರಷ್ಟು 720. 360ರ ಎರಡರಷ್ಟೂ 720. ಎರಡೂ ಕೂಡಿಕೊಳ್ಳುವುದರಿಂದ ನಾದ ನಿಶ್ಚಲ. ಪಂಚಮ 362ಕ್ಕೆ ಏರಿತೆನ್ನಿ: 724, 720ರೊಡನೆ ಹೊಂದದೆ, ನಾದ ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಕುಗ್ಗುತ್ತದೆ.

ಪಾಶ್ಚಾತ್ಯ ಸ್ವರಮೇಳಕ್ಕೂ ಇದೇ ತಳಹದಿ. 240, 300, 360 ಕೂಡಿ ನುಡಿದರೆ ಪ್ರಸನ್ನತೆ. 300ರ ಬದಲು 288 ಇಟ್ಟರೆ ಮೋಡ ಕವಿದಂತೆ. ಪಾತ್ರದ ಧಾಟಿಯನ್ನು ಹಾಗೆಯೇ ಉಳಿಸಿ, ಅಡಿಯ ಸ್ವರಗಳನ್ನಷ್ಟೇ ಬದಲಿಸಿ ಅವನ ಮನಸ್ಥಿತಿಯನ್ನು ತಿರುಗಿಸುವುದು ಚಿತ್ರಸಂಗೀತದ ಪರಿಚಿತ ಉಪಾಯ. ಆ ಮೋಡದಲ್ಲಿ ಭೌತಶಾಸ್ತ್ರಕ್ಕಿಂತ ರೂಢಿಯ ಪಾಲೇ ಹೆಚ್ಚೆಂದು ನಮ್ಮ ಎಣಿಕೆ.

ಚೋಮನಿಗೆ ತಂಬೂರಿಯಿಲ್ಲ. ಶಿವರಾಮ ಕಾರಂತರ ಕಾದಂಬರಿಯ ಈ ಜೀತದಾಳು, ಉಳಲು ತುಂಡು ನೆಲ ಬಯಸಿ, ಹುಟ್ಟಿದ ಜಾತಿಯ ಕಾರಣ ಅದನ್ನು ಪಡೆಯದವನು. ಸಿಟ್ಟಿಗೂ ಸಂಕಟಕ್ಕೂ ಅವನಿಗಿರುವುದು ದುಡಿಯೊಂದೇ. ಬರಿಯ ದುಂಡು ಚರ್ಮದ ಉಪಸ್ವರಗಳು ಮೂಲದ 1.59, 2.14, 2.30ರಷ್ಟು, ಪೂರ್ಣಾಂಕಗಳಲ್ಲ. ಮೃದಂಗದ ನಡುವಿನ ಕರಣೆ ಅವನ್ನು ಪೂರ್ಣಾಂಕಗಳತ್ತ ತರುವುದನ್ನು ಸಿ. ವಿ. ರಾಮನ್ನರು 1920ರಲ್ಲಿ ಪ್ರಕಟಿಸಿದರು. ಹಾಗಾಗಿ ಮೃದಂಗಕ್ಕೆ ಶ್ರುತಿಯ ಬಳಿ ಜಾಗವುಂಟು. ದುಡಿಯ ನಾದ ಯಾವ ಮೇಳಕ್ಕೂ ಸೇರದೆ ಹೊರಗೇ ಉಳಿಯುತ್ತದೆ, ಊರು ಚೋಮನನ್ನು ಹೊರಗಿಟ್ಟಂತೆ. ಕಡೆಗೆ ಅವನು ಬಾಗಿಲಿಕ್ಕಿಕೊಂಡು ಬಾರಿಸುವಾಗ ಜೊತೆಗೆ ಧಾಟಿಯಿಲ್ಲ, ಸ್ವರಮೇಳವಿಲ್ಲ; ನಿಲ್ಲುವ ತನಕ ಪೆಟ್ಟು ಮಾತ್ರ.