ದೊಡ್ಡ ಕಾರಿನ ಮೂರನೇ ಮಾಲೀಕ

ಸಕಲೇಶಪುರದ ಕಡೆ ಕಾಫಿ ಬೆಳೆಗಾರರ ಅಂಗಳದಲ್ಲಿ ಜೀಪು ನಿಂತಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಮ್ಮ ಅಂಗಳದಲ್ಲಿ ಜೀಪಿನ ಪಕ್ಕ ಜರ್ಮನಿಯ ಕಂಪನಿಯೊಂದರ ಅತಿ ದೊಡ್ಡ ಸೆಡಾನ್ ಇದೆ. ಕಣದಲ್ಲಿ ಕಾಫಿ ನೋಡಲು ಬಂದ ವ್ಯಾಪಾರಿಯಿಂದ ಹಿಡಿದು ಮದುವೆಗೆ ಕರೆಯಲು ಬಂದ ನೆಂಟರವರೆಗೆ ಎಲ್ಲರೂ ಅದನ್ನು ಒಂದು ಸುತ್ತು ಹಾಕಿ ಕೇಳುವುದು ಒಂದೇ ಮಾತು: "ಇದು ಕೈ ಕೊಡಲ್ವಾ?"

ಕಾರಿಗೆ ಆರು ವರ್ಷವಾಗಿದ್ದಾಗ ಅದು ನನ್ನ ಕೈಗೆ ಬಂತು. ನಾನು ಅದರ ಮೂರನೇ ಮಾಲೀಕ. ಹಾಸನ, ಬೆಂಗಳೂರು, ಶಿರಾಡಿ ಇಳಿದು ಮಂಗಳೂರು ಎಂದು ಇಷ್ಟು ವರ್ಷ ಓಡಿಸಿದ ಮೇಲೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಆದರೆ ಅದು ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಇಂಥ ಕಾರನ್ನು ನೆಚ್ಚಿಕೊಳ್ಳಬಹುದೇ ಎಂದು ಮೊದಲ ಮಾಲೀಕನನ್ನು ಕೇಳಿದರೆ ಒಂದು ಉತ್ತರ, ಮೂರನೆಯವನನ್ನು ಕೇಳಿದರೆ ಬೇರೆಯೇ ಉತ್ತರ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಪ್ರತಿವರ್ಷ ಕಾರುಗಳ ಬಾಳಿಕೆಯ ಬಗ್ಗೆ ಸಮೀಕ್ಷೆ ಮಾಡುತ್ತದೆ. ಪತ್ರಿಕೆಗಳಲ್ಲಿ ಬರುವ 'ಅತಿ ನಂಬಿಕೆಯ ಕಾರು' ಪಟ್ಟಿಗಳಲ್ಲಿ ಬಹಳಷ್ಟಕ್ಕೆ ಮೂಲ ಅದೇ. ಆ ಸಮೀಕ್ಷೆ ಮಾತಾಡಿಸುವುದು ಮೂರು ವರ್ಷ ತುಂಬಿದ ಕಾರಿನ ಮೊದಲ ಮಾಲೀಕರನ್ನು. ನೂರು ಕಾರಿಗೆ ಎಷ್ಟು ತೊಂದರೆ ಎಂದು ಲೆಕ್ಕ ಹಾಕುವಾಗ ಫೋನು ಬ್ಲೂಟೂತಿಗೆ ಸೇರದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ನಿಂತರೂ ಒಂದು ತೊಂದರೆ. ಹೊಸ ಕಾರು ಕೊಳ್ಳುವವರಿಗೆ ಆ ಪಟ್ಟಿ ಉಪಯುಕ್ತವೇ. ಒಂಬತ್ತನೇ ವರ್ಷದಲ್ಲಿ ರಬ್ಬರ್ ಬಿರಿದಾಗ, ಹನ್ನೆರಡನೇ ವರ್ಷದಲ್ಲಿ ಪ್ಲಾಸ್ಟಿಕ್ ಪುಡಿಯಾದಾಗ ಏನಾಗುತ್ತದೆ ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಮೂರನೇ ಮಾಲೀಕನಿಗೆ ಬೇಕಾಗಿರುವುದೋ ಅದೇ.

ಇನ್ನೊಂದು ಲೆಕ್ಕವನ್ನು ಕೊಳ್ಳುವ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಹೊಸದರಲ್ಲಿ ಕೋಟಿ ದಾಟಿದ ಸೆಡಾನ್ ಆರೇಳು ವರ್ಷಕ್ಕೆ ಮೂರನೇ ಒಂದು ಭಾಗಕ್ಕೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ, ವರ್ಷ ಕಳೆದಂತೆ ಏರುತ್ತದೆ. ಕೊಳ್ಳುವವನು ತೆರುವುದು ಸಾಧಾರಣ ಕಾರಿನ ಬೆಲೆ, ಸಾಕಬೇಕಾದದ್ದು ಕೋಟಿಯ ಕಾರನ್ನು. ನಾನು ಕೊಂಡ ಬೆಲೆಯ ಐದನೇ ಒಂದು ಭಾಗವನ್ನು ಮೊದಲ ದಿನವೇ ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟೆ. ಕಾಫಿ ರೇಟು ಬಿದ್ದ ವರ್ಷವೂ ಆ ದುಡ್ಡನ್ನು ಮುಟ್ಟಲಿಲ್ಲ. ಕಾರು ಇವತ್ತಿಗೂ ನಮ್ಮಲ್ಲಿ ಉಳಿದಿರುವುದು ಆ ಠೇವಣಿಯಿಂದ.

ಮೊದಲು ಬಂದ ದೊಡ್ಡ ಕೆಲಸ ಏರ್ ಸಸ್ಪೆನ್ಷನ್‌ದು. ಒಂದು ಬೆಳಿಗ್ಗೆ ನೋಡಿದರೆ ಕಾರಿನ ಮುಂದಿನ ಬಲಮೂಲೆ ಕೆಳಗೆ ಕೂತಿತ್ತು. ಸ್ಟಾರ್ಟ್ ಮಾಡಿದೊಡನೆ ನಿಧಾನಕ್ಕೆ ಎದ್ದು ಸಮವಾಯಿತು. ಓಡುವಾಗ ಏನೂ ಗೊತ್ತಾಗುತ್ತಿರಲಿಲ್ಲ, ಹಾಸನದ ರಸ್ತೆಯಲ್ಲಿ ಅದೇ ತೇಲುವ ಓಟ. ಬಹಳ ಮಂದಿ ಈ ಹಂತದಲ್ಲಿ "ಏಳ್ತಿದೆಯಲ್ಲ, ಆಮೇಲೆ ನೋಡೋಣ" ಅನ್ನುತ್ತಾರೆ. ಅಸಲು ಖರ್ಚು ಹುಟ್ಟುವುದು ಆ 'ಆಮೇಲೆ'ಯಲ್ಲಿ.

ಇಂಥ ಕಾರುಗಳಲ್ಲಿ ಸ್ಟೀಲ್ ಸ್ಪ್ರಿಂಗ್ ಬದಲು ನಾಲ್ಕು ಮೂಲೆಗೂ ಗಾಳಿ ತುಂಬಿದ ರಬ್ಬರ್ ಬೆಲ್ಲೋಸ್ ಇರುತ್ತವೆ. ಒಂದು ಕಂಪ್ರೆಸರ್ ಗಾಳಿ ಒತ್ತುತ್ತದೆ, ವಾಲ್ವುಗಳ ಗಟ್ಟಿಯೊಂದು ಅದನ್ನು ಮೂಲೆಮೂಲೆಗೆ ಹಂಚುತ್ತದೆ, ಎತ್ತರ ಅಳೆಯುವ ಸೆನ್ಸರ್‌ಗಳು ಎಲ್ಲಿಗೆ ಎಷ್ಟು ಬೇಕೆಂದು ಹೇಳುತ್ತವೆ. ರಬ್ಬರಿನ ಮಡಿಕೆಯಲ್ಲಿ ಸಣ್ಣ ಬಿರುಕು ಬಿಟ್ಟರೆ ಕಾರು ಬೀಳುವುದಿಲ್ಲ, ಕಂಪ್ರೆಸರ್ ಮತ್ತೆ ಮತ್ತೆ ಓಡಿ ಕೊರತೆ ತುಂಬುತ್ತದೆ. ಹೂಮಳೆ ಬಾರದ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಗೊತ್ತಿರುವ ಸಂಗತಿ: ಪೈಪಿನ ಜಾಯಿಂಟ್ ಸೋರುತ್ತಿದ್ದರೆ ಕೊನೆಗೆ ಸುಡುವುದು ಮೋಟರು. ಇಲ್ಲಿಯೂ ಒಂದು ಬೆಲ್ಲೋಸಿನ ಸೋರಿಕೆಯನ್ನು ಆರು ತಿಂಗಳು ಬಿಟ್ಟರೆ ಕಂಪ್ರೆಸರ್ ಹೋಗುತ್ತದೆ, ಜೊತೆಗೆ ಅದರ ರಿಲೇ, ಒಮ್ಮೊಮ್ಮೆ ವಾಲ್ವಿನ ಗಟ್ಟಿಯೂ.

ಕಂಪನಿಯ ವರ್ಕ್‌ಶಾಪಿನಲ್ಲಿ ನಾಲ್ಕೂ ಮೂಲೆ ಮತ್ತು ಕಂಪ್ರೆಸರ್ ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟರು. ಒಂದೊಂದು ಮೂಲೆಗೂ ಲಕ್ಷದ ಮೇಲೆ. ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ ಇಂಥ ಕಾರುಗಳನ್ನೇ ನೋಡುವ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಲ್ಯಾಪ್‌ಟಾಪ್ ಹಚ್ಚುವ ಮೊದಲು ಒಂದು ಬಾಟಲಿಯಲ್ಲಿ ಸೋಪಿನ ನೀರು ತಂದರು. ಚಕ್ರ ಪೂರ್ತಿ ತಿರುಗಿಸಿ ಬೆಲ್ಲೋಸಿನ ಮೇಲೆ ಚಿಮುಕಿಸಿದರು. ಕೆಳಗಿನ ಮಡಿಕೆಯಲ್ಲಿ ಸಾಲಾಗಿ ಗುಳ್ಳೆ ಎದ್ದವು. "ಸಾರ್, ಮುಂದಿನ ಎರಡು ಜೊತೆಗೆ ಹಾಕಿಬಿಡೋಣ, ಎರಡಕ್ಕೂ ಒಂದೇ ವಯಸ್ಸು. ಹಿಂದಿನವು ಚೆನ್ನಾಗಿವೆ, ಮುಟ್ಟೋದು ಬೇಡ. ಕಂಪ್ರೆಸರ್ ಇನ್ನೂ ಗಟ್ಟಿಯಾಗಿದೆ" ಅಂದರು. ಕಾರು ತಯಾರಕರಿಗೆ ಆ ಬೆಲ್ಲೋಸನ್ನು ಪೂರೈಸುವ ಕಂಪನಿಯೇ ತನ್ನ ಹೆಸರಿನ ಡಬ್ಬಿಯಲ್ಲಿ ಹಾಕಿ ಮಾರುವ ಮಾಲು ಜೆ.ಸಿ. ರಸ್ತೆಯ ವ್ಯಾಪಾರಿಯ ಮೂಲಕ ತರಿಸಿದೆವು. ಕಾರು ಕಂಪನಿಯ ಮುದ್ರೆ ಇಲ್ಲ ಎಂಬುದಷ್ಟೇ ವ್ಯತ್ಯಾಸ, ಬೆಲೆ ಅರ್ಧಕ್ಕಿಂತ ಕಡಿಮೆ. ಆ ಕಂಪ್ರೆಸರ್ ಇವತ್ತಿಗೂ ಓಡುತ್ತಿದೆ.

ಕೆಟ್ಟದ್ದನ್ನು ಬದಲಿಸುವವರು ಬಹಳ ಜನ ಸಿಗುತ್ತಾರೆ. ಏನು ಕೆಟ್ಟಿಲ್ಲ ಎಂದು ಧೈರ್ಯವಾಗಿ ಹೇಳುವವರು ಅಪರೂಪ. ಮೂರನೇ ಮಾಲೀಕನಿಗೆ ಕಾರಿಗಿಂತ ಮೊದಲು ಬೇಕಾದದ್ದು ಅಂಥ ಮನುಷ್ಯ ಎಂದು ಆ ದಿನದಿಂದ ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಎರಡನೆಯದು ಕರೆಂಟಿನ ಕಥೆ. ದೊಡ್ಡ ಸೆಡಾನಿನ ಒಂದೊಂದು ಬಾಗಿಲಿಗೂ, ಸೀಟಿಗೂ, ದೀಪಕ್ಕೂ ಸಣ್ಣ ಕಂಪ್ಯೂಟರ್ ಇರುತ್ತದೆ. ಅವೆಲ್ಲ ಎರಡು ತಂತಿಯ ಮೇಲೆ ಒಂದರೊಡನೊಂದು ಮಾತಾಡುವ 'ಕ್ಯಾನ್' ವ್ಯವಸ್ಥೆಯನ್ನು 1986ರಲ್ಲಿ ಹೊರತಂದದ್ದು ಬಾಷ್, ಆಡುಗೋಡಿಯಲ್ಲಿ ನಾವು ಮೈಕೋ ಎಂದು ಕರೆಯುತ್ತಿದ್ದ ಕಾರ್ಖಾನೆಯ ಜರ್ಮನ್ ಮನೆತನ. ತಂತಿಯ ಹೊರೆ ಕಡಿಮೆ ಮಾಡಿದ ಒಳ್ಳೆಯ ವಿದ್ಯೆ ಅದು. ಆದರೆ ಬ್ಯಾಟರಿ ಸೊರಗಿದರೆ ಈ ಕಂಪ್ಯೂಟರ್‌ಗಳು ಒಂದೊಂದಾಗಿ ಮಾತು ನಿಲ್ಲಿಸುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ಎಂದು ದೀಪಗಳ ಸಾಲೇ ಹೊತ್ತಿಕೊಳ್ಳುತ್ತದೆ. ಕುಯ್ಲಿನ ತಿಂಗಳುಗಳಲ್ಲಿ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ, ಆಗ ಹೀಗಾಯಿತು. ಹೊಸ ಬ್ಯಾಟರಿ ಹಾಕಿ, ಹೊಸದು ಬಂದಿದೆ ಎಂದು ಸ್ಕ್ಯಾನರಿನಿಂದ ಕಾರಿಗೆ ತಿಳಿಸಿದ ಮೇಲೆ ಎಲ್ಲ ದೀಪವೂ ಆರಿತು. ಈಗ ಶೆಡ್ಡಿನಲ್ಲಿ ನಿಂತಾಗೆಲ್ಲ ಚಾರ್ಜರ್ ಹಾಕಿಡುತ್ತೇವೆ. ಇಂಥ ಕಾರಿನಲ್ಲಿ ಹತ್ತು ದೋಷ ಒಟ್ಟಿಗೆ ಕಾಣಿಸಿದರೆ ಮೊದಲು ವೋಲ್ಟೇಜ್ ಅಳೆಸಬೇಕು. ಒಂದೇ ದೋಷ ಪದೇಪದೇ ಬಂದರೆ ಆಗ ಕಿಸೆ ನೋಡಿಕೊಳ್ಳಬೇಕು.

ನಮ್ಮ ಮಳೆಗೆ ಈ ಕಾರುಗಳನ್ನು ಯಾರೂ ಮನಸ್ಸಿನಲ್ಲಿಟ್ಟು ಮಾಡಿಲ್ಲ. ಸನ್‌ರೂಫಿನ ನಾಲ್ಕು ಮೂಲೆಯಿಂದ ನೀರಿಳಿಯಲು ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪದ ಪೈಪುಗಳಿವೆ. ಸಿಲ್ವರ್ ಓಕಿನ ಎಲೆ, ಕಸಕಡ್ಡಿ ಕೊಳೆತು ಅದರಲ್ಲಿ ಕಟ್ಟಿಕೊಂಡರೆ ನೀರು ಕಂಬದೊಳಗಿಂದ ಇಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಕಂಟ್ರೋಲ್ ಮಾಡ್ಯೂಲುಗಳನ್ನು ಬಹಳ ಕಾರುಗಳಲ್ಲಿ ಇಟ್ಟಿರುವುದು ಅಲ್ಲಿಯೇ, ಇಲ್ಲವೇ ಡಿಕ್ಕಿಯ ತಗ್ಗಿನಲ್ಲಿ. ಮೇ ತಿಂಗಳ ಕೊನೆಗೆ ಆ ಪೈಪುಗಳನ್ನು ಬಿಡಿಸುವುದು, ಬಾನೆಟ್ಟಿನ ಹಿಂಭಾಗದ ತಟ್ಟೆಯ ಎಲೆ ತೆಗೆಯುವುದು ನಮ್ಮ ಮನೆಯಲ್ಲಿ ಚರಂಡಿ ಬಿಡಿಸುವಷ್ಟೇ ಕಡ್ಡಾಯ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿಗೆ ಇಲಿಯೂ ಬರುತ್ತದೆ. ರಾತ್ರಿ ಬಾನೆಟ್ ತೆರೆದು ಒಂದು ದೀಪ ಉರಿಸಿಡುವುದು ಶುರುವಾದ ಮೇಲೆ ವೈರಿಗೆ ಹಲ್ಲು ಬಿದ್ದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಮುಳುಗಿದ ಕಾರನ್ನು ವಿಮೆಯವರು ಟೋಟಲ್ ಲಾಸ್ ಎಂದು ಬರೆದರೆ ಅದು ಹರಾಜಿಗೆ ಹೋಗುತ್ತದೆ, ತೊಳೆದು ಒಣಗಿಸಿದರೆ ಮತ್ತೆ ಮಾರುಕಟ್ಟೆಗೂ ಬರಬಹುದು. ಅದಕ್ಕೇ ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು ನೋಡಲು ಹೋದಾಗ ನಾನು ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಎಂದು ನೋಡುತ್ತೇನೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ. ಪಾಲಿಶ್ ಮಾಡುವವರ ಕೈ ಅಲ್ಲಿಯವರೆಗೆ ಹೋಗುವುದಿಲ್ಲ.

ಗೇರ್‌ಬಾಕ್ಸಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವನಪೂರ್ತಿ ಬರುತ್ತದೆ ಎಂದು ಕೆಲವು ಕಾರು ಕಂಪನಿಗಳು ಬರೆದವು. ಅಂಥ ಗೇರ್‌ಬಾಕ್ಸುಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್, ಇಲ್ಲವೇ ಎಂಟು ವರ್ಷ, ಯಾವುದು ಮೊದಲೋ ಆಗ ಬದಲಿಸಿ ಎನ್ನುತ್ತದೆ. ನಾನು ಗೇರ್‌ಬಾಕ್ಸ್ ಮಾಡಿದವರ ಮಾತು ಕೇಳಿದೆ.

ಹಾಗಾದರೆ ದೊಡ್ಡ ಸೆಡಾನ್ ಎಂದರೆ ಇಷ್ಟೆಲ್ಲ ಇರಲೇಬೇಕೇ? ಇರಬೇಕಿಲ್ಲ ಎಂದು ಒಂದು ಕಾರು ತೋರಿಸಿಕೊಟ್ಟಿದೆ, ನಮ್ಮ ದೇಶದಲ್ಲಿ ಅದು ಮಾರಾಟಕ್ಕೆ ಬರಲೇ ಇಲ್ಲ. 1983ರಲ್ಲಿ ಟೊಯೋಟಾದ ಐಜಿ ಟೊಯೋಡಾ ಜಗತ್ತಿನ ಅತ್ಯುತ್ತಮ ಕಾರಿಗೆ ಸವಾಲು ಹಾಕುವ ಕಾರು ಬೇಕೆಂದರು. ಇಚಿರೊ ಸುಜುಕಿ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಿ 1989ರಲ್ಲಿ ಡೆಟ್ರಾಯಿಟ್‌ನಲ್ಲಿ ಲೆಕ್ಸಸ್ ಎಲ್‌ಎಸ್ 400 ಎಂದು ಮುಂದಿಟ್ಟರು. ನಾಲ್ಕು ಲೀಟರಿನ ವಿ8 ಎಂಜಿನ್, ಸಾಮಾನ್ಯ ಮಾದರಿಗೆ ಸ್ಟೀಲ್ ಸ್ಪ್ರಿಂಗು, ಬೇಕೆಂದವರಿಗಷ್ಟೇ ಗಾಳಿಯದು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರೇಕ್ ಲೈಟ್ ಮತ್ತು ಕ್ರೂಸ್ ಕಂಟ್ರೋಲಿನ ದೋಷಕ್ಕಾಗಿ ಸುಮಾರು 8,000 ಕಾರುಗಳನ್ನು ವಾಪಸು ಕರೆಯಬೇಕಾಯಿತು. ಆಗ ಕಂಪನಿಯವರು ಮಾಲೀಕರ ಮನೆಗೇ ಹೋಗಿ ಕಾರು ತಂದು ಸರಿ ಮಾಡಿ ಕೊಟ್ಟರು. ದೋಷವೇ ಇಲ್ಲದ ಕಾರು ಅಂತ ಯಾವುದೂ ಇಲ್ಲ, ದೋಷ ಬಂದಾಗ ಮಾಲೀಕನನ್ನು ಹೇಗೆ ನಡೆಸಿಕೊಂಡರು ಎಂಬುದೂ ನಂಬಿಕೆಯ ಒಂದು ಭಾಗ ಎಂದು ನನಗನ್ನಿಸುವುದು ಇದನ್ನು ಓದಿದಾಗಲೆಲ್ಲ. ಅಮೆರಿಕದ ಮೋಟರ್ ಪತ್ರಕರ್ತ ಮ್ಯಾಟ್ ಫರಾಹ್ ಅವರ 1996ರ ಎಲ್‌ಎಸ್ 400 ಹತ್ತು ಲಕ್ಷ ಮೈಲಿ ದಾಟಿತು. ಲೆಕ್ಸಸ್ ಭಾರತಕ್ಕೆ ಬಂದದ್ದು 2017ರಲ್ಲಿ. ಅದರ ಇಎಸ್ ಎಂಬ ಚಿಕ್ಕ ಸೆಡಾನನ್ನು 2020ರಿಂದ ಬಿಡದಿಯಲ್ಲೇ ಜೋಡಿಸುತ್ತಿದ್ದಾರೆ.

ಹಾಗೆಂದು ನನ್ನ ಕಾರನ್ನು ಬಿಡುವ ಮನಸ್ಸಿಲ್ಲ. ಆ ಹಿಂದಿನ ಸೀಟಿನಲ್ಲಿ ಕೂತು ಅಮ್ಮ ಬೆಂಗಳೂರಿನ ಆಸ್ಪತ್ರೆಗೆ ಹೋಗಿಬಂದರೆ ಮಂಡಿ ಹಿಡಿದುಕೊಳ್ಳುವುದಿಲ್ಲ. ಜೀಪಿನಲ್ಲಿ ಅವರನ್ನು ಹಾಸನದವರೆಗೂ ಕರೆದೊಯ್ಯಲು ಆಗುತ್ತಿರಲಿಲ್ಲ. ದಾರಿಯಲ್ಲಿ ನಿಲ್ಲಿಸಿಕೊಂಡು ಕೂರುವ ಸ್ಥಿತಿ ಅದು ನಮಗೆ ಈವರೆಗೆ ತಂದಿಲ್ಲ. ಕೆಲಸ ಕೇಳಿದೆ, ದುಡ್ಡು ಕೇಳಿದೆ, ಮುಂಚೆ ಸೂಚನೆ ಕೊಟ್ಟೇ ಕೇಳಿದೆ.

ಇದನ್ನು ನೋಡಿ ಈಗ ನನ್ನ ಭಾಮೈದನಿಗೂ ಅಂಥದ್ದೇ ಬೇಕಾಗಿದೆ. ದೆಹಲಿಯ ಒಂಬತ್ತು ವರ್ಷದ ಡೀಸೆಲ್ ಕಾರೊಂದು ಬೆಂಗಳೂರಿನ ಡೀಲರೊಬ್ಬರ ಬಳಿ ಬಂದಿದೆ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಓಡಬಾರದೆಂಬ ನಿಯಮದ ಜಾರಿ ಹಿಂದುಮುಂದಾಗುತ್ತಿದ್ದರೂ ಅಲ್ಲಿನವರು ಮೊದಲೇ ಮಾರಿಬಿಡುತ್ತಾರೆ. "ಭಾವ, ಬರೀ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ, ನೋಡಿ" ಎಂದು ಫೋಟೋ ಕಳಿಸಿದ. "ಓಡಿದ್ದು ಬಿಡು, ಉಳಿದ ವರ್ಷ ಎಲ್ಲಿ ನಿಂತಿತ್ತು ಅಂತ ಕೇಳು" ಅಂದೆ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ವಯಸ್ಸು ಗೊತ್ತು. ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ ಅದನ್ನು ಮಾಡಿದ ವಾರ ಮತ್ತು ವರ್ಷ ಇರುತ್ತದೆ, ಅದನ್ನು ಓದಿಸಿದೆ. ಟೈರು ಕಾರಿನಷ್ಟೇ ಹಳೆಯದು. ಲೈಫ್ ಟ್ಯಾಕ್ಸಿನ ಲೆಕ್ಕವನ್ನೂ ಹಾಕಿಸಿದೆ. ನಮ್ಮಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಅದು ಶೇ 18, ಮೇಲೆ ಸೆಸ್ಸು. ಹೊರ ರಾಜ್ಯದ ಹಳೆಯ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಇಳಿಸುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ.

ಇಷ್ಟಾದರೂ ಅವನಿಗೆ ಆಸೆ ಇದೆ, ಕಾರೂ ಚೆನ್ನಾಗಿದೆ. ಮೇಸ್ತ್ರಿಯವರನ್ನು ಕರೆದುಕೊಂಡು ಹೋಗುತ್ತೇವೆ. ಸಂಜೆ ನಾಲ್ಕೂ ಚಕ್ರದ ಮೇಲಿನ ಎತ್ತರ ಅಳೆದು ಬರೆದಿಟ್ಟು, ರಾತ್ರಿಯಿಡೀ ಕಾರನ್ನು ಮುಟ್ಟದೆ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯಲು ಬಿಟ್ಟರೆ ಮಾತ್ರ ಮುಂಗಡ ಎಂದು ಡೀಲರಿಗೆ ಹೇಳಿದ್ದೇವೆ. ಅವರಿನ್ನೂ ಒಪ್ಪಿಲ್ಲ.