ಚಂದಾ ಇಲ್ಲದ ಲಿನಕ್ಸ್ ಗಣಕಯಂತ್ರ: ಸ್ವಾತಂತ್ರ್ಯ ಮತ್ತು ಸಂರಕ್ಷಣೆ

ಗಣಕಯಂತ್ರದ ಎಲ್ಲ ಅಂಗಗಳನ್ನೂ ನಿಯಂತ್ರಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅಂತಹ ವ್ಯವಸ್ಥೆಗಳಲ್ಲಿ ಲಿನಕ್ಸ್ ಪ್ರಮುಖವಾದುದು. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಇದರ ತಿರುಳನ್ನು ರಚಿಸಿದರು. ಮರುವರ್ಷ ಅದು ರಿಚರ್ಡ್ ಸ್ಟಾಲ್‌ಮನ್ ಅವರು ರೂಪಿಸಿದ ಸಾರ್ವಜನಿಕ ಪರವಾನಗಿಗೆ ಒಳಪಟ್ಟಿತು. ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ತಿದ್ದುವ ಹಾಗೂ ಇತರರಿಗೆ ಹಂಚುವ ಹಕ್ಕನ್ನು ಈ ಪರವಾನಗಿ ಎಲ್ಲರಿಗೂ ನೀಡುತ್ತದೆ. ಹೀಗಿರುವಾಗ ರೆಡ್ ಹ್ಯಾಟ್ ಸಂಸ್ಥೆಯು ತನ್ನ ‘ಎಂಟರ್‌ಪ್ರೈಸ್ ಲಿನಕ್ಸ್’ಗೆ ಚಂದಾ ಹಣವನ್ನು ಕೇಳುವುದೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಆ ಹಣವು ಮುಖ್ಯವಾಗಿ ಸೇವೆಗೆ ಸಲ್ಲುವ ಪ್ರತಿಫಲ. ಒಂದು ಆವೃತ್ತಿಯನ್ನು ಸುಮಾರು 10 ವರ್ಷಗಳ ಕಾಲ ಕಾಪಾಡುವುದು, ದೋಷಗಳು ಕಂಡಂತೆಲ್ಲ ತಿದ್ದುಪಡಿಗಳನ್ನು ಸಿದ್ಧಪಡಿಸಿ ಪರೀಕ್ಷಿಸಿ ಒದಗಿಸುವುದು ಆ ಸೇವೆಯ ಸ್ವರೂಪ. ಚಂದಾ ಮುಗಿದರೆ ಯಂತ್ರವು ನಿಂತುಹೋಗುವುದಿಲ್ಲ. ಪತ್ರ ಬರೆಯುವುದು, ಲೆಕ್ಕವಿಡುವುದು, ಮುದ್ರಿಸುವುದು ಎಲ್ಲವೂ ಎಂದಿನಂತೆ ಸಾಗುತ್ತವೆ. ತಿದ್ದುಪಡಿಗಳ ಭಂಡಾರದ ಬಾಗಿಲು ಮಾತ್ರ ಮುಚ್ಚುತ್ತದೆ.

ಅಪಾಯವು ಅಡಗಿರುವುದು ಇಲ್ಲಿಯೇ. ಹೊರನೋಟಕ್ಕೆ ಯಾವ ವ್ಯತ್ಯಾಸವೂ ತೋರದು. 2022ರ ಜನವರಿಯಲ್ಲಿ ‘ಪ್ವನ್‌ಕಿಟ್’ ಎಂಬ ದೋಷವು ಬಹಿರಂಗವಾಯಿತು. ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿದ್ದ ಒಂದು ಚಿಕ್ಕ ಸಾಧನದಲ್ಲಿ ಅದು 2009ರಿಂದಲೂ ಅಡಗಿತ್ತು. ಯಂತ್ರದಲ್ಲಿ ಸಾಮಾನ್ಯ ಬಳಕೆದಾರನಾಗಿ ಪ್ರವೇಶವುಳ್ಳ ಯಾರೇ ಆಗಲಿ, ಅದರ ಮೂಲಕ ಮೇಲ್ವಿಚಾರಕನ ಸಕಲ ಅಧಿಕಾರವನ್ನೂ ಪಡೆಯಬಹುದಾಗಿತ್ತು. ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುವ ವಿದ್ಯಾಲಯಗಳಲ್ಲಿ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ತಿದ್ದುಪಡಿ ಕೂಡಲೇ ಹೊರಬಂದಿತಾದರೂ, ಅದನ್ನು ಪಡೆಯಲಾರದ ಯಂತ್ರಗಳಲ್ಲಿ ಬಿರುಕು ಹಾಗೆಯೇ ಉಳಿಯಿತು.

ಚಂದಾ ಕೊಡಲಾಗದವರಿಗೆ ಮೂರು ಮಾರ್ಗಗಳಿವೆ. ಮೊದಲನೆಯದು, ಅನುಸ್ಥಾಪನೆಗೆ ಬಳಸಿದ ಡಿವಿಡಿಯನ್ನೇ ಭಂಡಾರವಾಗಿ ಜೋಡಿಸಿಕೊಳ್ಳುವುದು. ಇದರಿಂದ ಬಿಟ್ಟುಹೋದ ತಂತ್ರಾಂಶಗಳನ್ನು ಸೇರಿಸಬಹುದು; ಆದರೆ ಡಿವಿಡಿ ಸಿದ್ಧವಾದ ದಿನದ ಅನಂತರದ ತಿದ್ದುಪಡಿಗಳು ಅದರಲ್ಲಿರುವುದಿಲ್ಲ. ಅಂತರಜಾಲದ ಸಂಪರ್ಕವಿಲ್ಲದೆ, ನಂಬಿಕಸ್ಥರು ಮಾತ್ರ ಮುಟ್ಟುವ ಯಂತ್ರಕ್ಕೆ ಇದು ಸಾಕಾದೀತು. ಎರಡನೆಯದು, ರೆಡ್ ಹ್ಯಾಟ್ ಸಂಸ್ಥೆಯೇ ಅಭಿವೃದ್ಧಿಕಾರರಿಗೆ ಉಚಿತವಾಗಿ ನೀಡುವ ಚಂದಾ. 2021ರಿಂದ ಇದನ್ನು 16 ಯಂತ್ರಗಳವರೆಗೆ ಬಳಸಲು ಅವಕಾಶವಿದೆ. ಆದರೆ ಇದು ವ್ಯಕ್ತಿಗೆ ಸಲ್ಲುವಂಥದು. ಸಂಸ್ಥೆಯೊಂದರ ನಿತ್ಯದ ಕೆಲಸಕ್ಕಾಗಿ ಉದ್ದೇಶಿಸಿದ್ದಲ್ಲ. ಮೂರನೆಯದು, ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಗಳಿಗೆ ಬದಲಾಗುವುದು. ಇವು ರೆಡ್ ಹ್ಯಾಟಿನ ವ್ಯವಸ್ಥೆಗೆ ಹೊಂದಿಕೊಳ್ಳುವಂತೆ ರಚಿತವಾಗಿದ್ದು, ತಿದ್ದುಪಡಿಗಳನ್ನು ಯಾವ ಚಂದಾ ಇಲ್ಲದೆ ಒದಗಿಸುತ್ತವೆ. ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿಕೊಂಡು ಬದಲಾವಣೆಗೆ ತೊಡಗುವುದು ವಿವೇಕ. ಸಂಸ್ಥೆಗಳಿಗೆ ಈ ಮೂರನೆಯ ಮಾರ್ಗವೇ ಹೆಚ್ಚು ಸೂಕ್ತ.

ಆದರೂ ಉಚಿತವಾದುದು ಶಾಶ್ವತವೆಂದು ಭಾವಿಸಲಾಗದು. 2004ರಲ್ಲಿ ಆರಂಭವಾದ ಸೆಂಟ್‌ಓಎಸ್ ಲಿನಕ್ಸ್ ಇಂತಹುದೇ ಜನಪ್ರಿಯ ವ್ಯವಸ್ಥೆಯಾಗಿತ್ತು. ಅದರ 8ನೆಯ ಆವೃತ್ತಿಗೆ 2029ರವರೆಗೆ ಪೋಷಣೆ ದೊರೆಯುವುದೆಂದು ಬಳಕೆದಾರರು ನಂಬಿದ್ದರು. 2020ರ ಡಿಸೆಂಬರಿನಲ್ಲಿ ಬಂದ ಪ್ರಕಟಣೆಯಂತೆ 2021ರ ಅಂತ್ಯಕ್ಕೇ ಅದು ನಿಂತುಹೋಯಿತು. 7ನೆಯ ಆವೃತ್ತಿಯ ಅವಧಿಯೂ 2024ರ ಜೂನ್ 30ರಂದು ಮುಗಿಯಿತು. ಆ ಕೊರತೆಯನ್ನು ತುಂಬಲೆಂದೇ ಆಲ್ಮಾ ಮತ್ತು ರಾಕಿ 2021ರಲ್ಲಿ ಹೊರಬಂದವು.

ಇದರಿಂದ ವ್ಯಕ್ತವಾಗುವ ತತ್ತ್ವವು ಸರಳವಾದುದು. ಪರವಾನಗಿಯು ಬಳಸುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಸಂರಕ್ಷಣೆಯಾದರೋ ಯಾರದೋ ನಿರಂತರ ಶ್ರಮದಿಂದ ಮಾತ್ರ ಬರುತ್ತದೆ. ಕಟ್ಟಡವನ್ನು ದಾನವಾಗಿ ಪಡೆದ ಮಾತ್ರಕ್ಕೆ ಅದರ ಮಾಡು ಮಳೆಗಾಲದಲ್ಲಿ ತಾನಾಗಿಯೇ ದುರಸ್ತಿಯಾಗದು. ಆದುದರಿಂದ ವಿದ್ಯಾಸಂಸ್ಥೆಗಳು ಯಂತ್ರವನ್ನು ಕೊಳ್ಳುವಾಗ ಅಥವಾ ದಾನವಾಗಿ ಸ್ವೀಕರಿಸುವಾಗ, ಅದರಲ್ಲಿರುವ ವ್ಯವಸ್ಥೆ ಯಾವುದು, ತಿದ್ದುಪಡಿಗಳು ಎಲ್ಲಿಂದ ಬರುತ್ತವೆ, ಯಾವ ದಿನದವರೆಗೆ ಬರುತ್ತವೆ ಎಂಬ ಮೂರು ವಿಷಯಗಳನ್ನು ದಾಸ್ತಾನು ಪುಸ್ತಕದಲ್ಲಿ ಬರೆದಿಡುವುದು ಕ್ಷೇಮಕರ.